ಕೈಗುಣ

ಬೀದರಿನ ಹಳೆಯ ಊರಿನಲ್ಲಿ ಬೆಳಗಿನ ಏಳು ಗಂಟೆಗೆಲ್ಲ ಒಂದು ಮನೆಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ಕುಳಿತಿರುತ್ತಾರೆ. ಒಬ್ಬರ ಕುತ್ತಿಗೆ ಒಂದು ಪಕ್ಕಕ್ಕೆ ವಾಲಿದೆ. ಒಬ್ಬರು ಎಡಗಾಲಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದಿದ್ದಾರೆ. ಮೂರನೆಯವರಿಗೆ ಕುಳಿತುಕೊಳ್ಳುವುದೇ ಆಗದ ಕಾರಣ ಗೋಡೆಗೆ ಒರಗಿ ನಿಂತಿದ್ದಾರೆ. ಒಳಗಿನಿಂದ ಬಿಸಿ ಎಣ್ಣೆಯ ವಾಸನೆ ಬರುತ್ತದೆ. ಬಾಗಿಲಿನ ಮೇಲೆ ಫಲಕವಿಲ್ಲ. ಫಲಕ ಬೇಕಾದವರು ಅಲ್ಲಿಗೆ ಬರುವುದೂ ಇಲ್ಲ.

ಆ ಮನೆಯವರಿಗೆ ಬೀದರಿನಲ್ಲಿ ಉಸ್ತಾದರೆಂದು ಹೆಸರು. ವಾರಕ್ಕೊಮ್ಮೆ ರೈಲಿನಲ್ಲಿ ಭಾಲ್ಕಿಗೆ ಹೋದರೆ ಅಲ್ಲಿ ಅವರು 'ಎಲುಬಿನ ಕಾಕಾ'. ಮತ್ತೊಂದು ದಿನ ಬಸ್ಸಿನಲ್ಲಿ ಮಾಂಜ್ರಾ ನದಿಯ ಸೇತುವೆ ದಾಟಿ, ಸಂತಪುರದ ಮೇಲಿಂದ ಔರಾದ್ ಮುಟ್ಟಿದರೆ ಅಲ್ಲಿ 'ಪೈಲ್ವಾನ'. ಹೆತ್ತವರು ಇಟ್ಟ ಹೆಸರು ಪಡಿತರ ಚೀಟಿಯಲ್ಲಿ ಭದ್ರವಾಗಿದೆ. ಅದನ್ನು ಇಲ್ಲಿ ಎಳೆದು ತರುವುದು ಬೇಡ. ಎಪ್ಪತ್ತು ಸಮೀಪಿಸುತ್ತಿರುವ ವಯಸ್ಸು, ಗಿಡ್ಡನೆಯ ಆಳು, ಕಿವಿಗಳೆರಡೂ ಕುಸ್ತಿಯಲ್ಲಿ ಜಜ್ಜಿ ಮುದುಡಿವೆ. ನೋಡುವವರ ಕಣ್ಣು ಮೊದಲು ಬೀಳುವುದು ಹೆಬ್ಬೆರಳುಗಳ ಮೇಲೆ. ಐವತ್ತು ವರ್ಷ ಬೆನ್ನುಗಳನ್ನು ಒತ್ತಿ ಒತ್ತಿ ಅವು ಚಪ್ಪಟೆಯಾಗಿ ಹಿಂದಕ್ಕೆ ಬಾಗಿವೆ.

ಬೀದರಿನ ಹಳೆಯ ಊರನ್ನು ಬಲ್ಲವರಿಗೆ ಸಿದ್ದೀಕ್ ಶಾಹ್ ತಾಲೀಮ್, ನೂರ್ ಖಾನ್ ತಾಲೀಮ್, ಮನಿಯಾರ್ ತಾಲೀಮ್ ಎಂಬ ಓಣಿಗಳ ಹೆಸರು ಹೊಸದಲ್ಲ. ತಾಲೀಮ್ ಎಂದರೆ ಗರಡಿಮನೆ. ಗರಡಿಯ ಮಣ್ಣಿನಲ್ಲಿ ದಿನವೂ ಒಂದಲ್ಲ ಒಂದು ಭುಜ ತಪ್ಪುತ್ತದೆ, ಮಣಿಕಟ್ಟು ಉಳುಕುತ್ತದೆ. ಆದಕಾರಣ ಪಟ್ಟು ಕಲಿಸುವ ಗುರುವೇ ಕೀಲು ಕೂಡಿಸುವವನೂ ಆಗಬೇಕಾಯಿತು. ಹೈದರಾಬಾದಿನಲ್ಲಿ ಮುರಿದ ಎಲುಬಿಗೆ ಪಟ್ಟಿ ಕಟ್ಟುವವರನ್ನು ಜನ ಇಂದಿಗೂ ಪೈಲ್ವಾನರೆಂದೇ ಕರೆಯುತ್ತಾರೆ. ಬೀದರವು ೧೯೪೮ರವರೆಗೆ ಅದೇ ನಿಜಾಮರ ಸೀಮೆಯಾಗಿತ್ತಲ್ಲವೆ? ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಭಾಷೆ ಬದಲಾಯಿತು. ಉಳುಕಿದ ಕಾಲು ಮಾತ್ರ ಹಳೆಯ ದಾರಿಯಲ್ಲೇ ತಾಲೀಮಿಗೆ ನಡೆಯಿತು. ತಪ್ಪಿದ ಭುಜವನ್ನು ಕೂಡಿಸಲು ಹಳೆಯ ಉಸ್ತಾದರು ರೋಗಿಯನ್ನು ನೆಲಕ್ಕೆ ಮಲಗಿಸಿ, ಕಂಕುಳಲ್ಲಿ ಹಿಮ್ಮಡಿ ಊರಿ, ಕೈಯನ್ನು ಮೆಲ್ಲನೆ ಎಳೆಯುತ್ತಿದ್ದರು. ಗ್ರೀಸ್ ದೇಶದ ಹಿಪ್ಪಾಕ್ರಟೀಸನ ಹೆಸರಿನಲ್ಲಿ ವೈದ್ಯ ಗ್ರಂಥಗಳು ವರ್ಣಿಸುವ ವಿಧಾನವೂ ಇದೇ. ಯುನಾನಿ ಎಂದರೇ ಯವನರದು, ಗ್ರೀಕರದು ಎಂದರ್ಥ. ಆ ವಿದ್ಯೆ ಯಾವ ಕುದುರೆ ಏರಿ ಬೀದರಿನ ಗರಡಿಗೆ ಬಂದಿತೋ, ಇಲ್ಲವೆ ಹಿಮ್ಮಡಿಗೂ ಕಂಕುಳಿಗೂ ಇರುವ ಹೊಂದಿಕೆಯನ್ನು ಎರಡು ಕಡೆಯವರೂ ಬೇರೆ ಬೇರೆಯಾಗಿಯೇ ಕಂಡುಕೊಂಡರೋ, ಬಲ್ಲವರು ಯಾರು!

ಉಸ್ತಾದರ ಕೆಲಸ ನೋಡಲು ಕುಳಿತವರಿಗೆ ಮೊದಮೊದಲು ಬೇಸರವೇ ಆಗುತ್ತದೆ. ಅರ್ಧ ಹೊತ್ತು ಅವರು ಏನೂ ಮಾಡುವುದಿಲ್ಲ. ಬಂದವನನ್ನು ಬಾಗಿಲಿನಿಂದ ಗೋಡೆಯವರೆಗೆ ನಡೆಯಿರೆನ್ನುತ್ತಾರೆ. ಅಂಗಿ ಕಳಚಿಸಿ, ಬೆನ್ನಿನ ಮೇಲೆ ಅಂಗೈಯನ್ನಲ್ಲ, ಹಿಂಗೈಯನ್ನು ಆಡಿಸುತ್ತಾರೆ. ಬಿಸಿ ಎಲ್ಲಿದೆ ಎಂಬುದು ಹಿಂಗೈಗೆ ಬೇಗ ತಿಳಿಯುತ್ತದಂತೆ. ಆಮೇಲೆ ಒಂದು ಮಾತು: "ಎಲ್ಲಿ ನೋಯ್ತದ, ಒಂದೇ ಬೊಟ್ಟಿನಾಗ ತೋರ್ಸು." ಒಂದೇ ಬೆರಳಿನಲ್ಲಿ ತೋರಿಸಬಲ್ಲವನ ನೋವು ಬೇರೆ, ಇಡೀ ಅಂಗೈಯಿಂದ ಸೊಂಟವನ್ನು ಸವರುವವನ ನೋವು ಬೇರೆ.

ಬರುವವರು ಯಾರು? ಕಬ್ಬು ಕಡಿಯುವವರು, ಸೋಯಾ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವ ಹೆಂಗಸರು, ಮೋಟಾರು ಸೈಕಲ್ಲಿನಿಂದ ಬಿದ್ದ ಹುಡುಗರು, ಬಸ್ಸಿನ ಚಾಲಕರು. ಕಾಲು ಮಡಿಚಿ ಕುಳಿತು ಬಿದರಿ ಪಾತ್ರೆಯ ಮೇಲೆ ಉಳಿಯಿಂದ ಹೂಬಳ್ಳಿ ಕೊರೆಯುವ ಕುಶಲಕರ್ಮಿಗಳು ಬಂದರೆ ಉಸ್ತಾದರು ಎಣ್ಣೆಯ ಬಟ್ಟಲನ್ನೇ ಮುಟ್ಟುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಬಾಗಿಲವರೆಗೆ ಹೋಗಿ ಬನ್ನಿರಿ ಎನ್ನುತ್ತಾರೆ. ಅದನ್ನು ಕೇಳುವುದಕ್ಕೆ ಇಷ್ಟು ದೂರ ಬರಬೇಕಿತ್ತೆ ಎಂಬ ಭಾವ ಎದುರಿಗಿದ್ದವನ ಮೋರೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಂಭಾವನೆಗೆ ದರವಿಲ್ಲ, ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಇದೆ. ಔರಾದ್ ಕಡೆಯವರು ಕೆಲವರು ಹಣದ ಬದಲು ಹೊಸ ತೊಗರಿಬೇಳೆ ಕಟ್ಟಿಕೊಂಡು ಬರುತ್ತಾರೆ.

ಪ್ರಕೃತಿಯ ವಿಷಯದಲ್ಲಿ ಉಸ್ತಾದರ ಅಭಿಪ್ರಾಯ ಕೇಳಿದರೆ ಪ್ರಕೃತಿ ಚಿಕಿತ್ಸೆಯ ಭಕ್ತರಿಗೆ ಅರ್ಧ ಸಂತೋಷ, ಅರ್ಧ ನಿರಾಶೆ. ಜೋಳದ ರೊಟ್ಟಿ ತಿನ್ನಬೇಕು, ಮೊಸರು ಉಣ್ಣಬೇಕು, ಬೆಳಗಿನ ಬಿಸಿಲು ಮೈಮೇಲೆ ಬೀಳಬೇಕು, ನೋವಿದ್ದರೂ ಹಾಸಿಗೆ ಹಿಡಿಯದೆ ಓಡಾಡುತ್ತಿರಬೇಕು. ಈ ಕೊನೆಯ ಮಾತನ್ನು ಈಗಿನ ವೈದ್ಯರೂ ಹೇಳುತ್ತಾರೆ. ಸೊಂಟ ಹಿಡಿದವನನ್ನು ವಾರಗಟ್ಟಲೆ ಮಲಗಿಸಿಡುವ ಹಳೆಯ ಪದ್ಧತಿಯನ್ನು ಅವರು ಎಂದೋ ಕೈಬಿಟ್ಟಿದ್ದಾರೆ. ಇಷ್ಟನ್ನು ಹೇಳಿ ಉಸ್ತಾದರು ಸುಮ್ಮನಾದರೆ ಚೆನ್ನಿತ್ತು. ಅವರು ಮುಂದುವರಿದು, ಎಲುಬು ಕೂಡುವುದು ತನ್ನಷ್ಟಕ್ಕೆ ತಾನು, ಕಟ್ಟುವವನು ಅದನ್ನು ನೆಟ್ಟಗೆ ಹಿಡಿದಿರುತ್ತಾನೆ ಅಷ್ಟೆ ಎನ್ನುತ್ತಾರೆ. ಹೆಚ್ಚಿನ ಸೊಂಟನೋವು ಯಾರೂ ಮುಟ್ಟದಿದ್ದರೂ ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಯಾರ ಕೈ ಬೆನ್ನಿನ ಮೇಲಿತ್ತೋ ಅವರಿಗೆ ಕೈಗುಣದ ಕೀರ್ತಿ. ತನ್ನ ಕಸುಬಿನ ಬಗೆಗೆ ಇಷ್ಟು ನಿಷ್ಠುರವಾಗಿ ಮಾತಾಡುವ ಕಸುಬುದಾರರು ಅಪರೂಪ. ಬೆನ್ನೆಲುಬನ್ನು ಕೈಯಿಂದ ಸರಿಪಡಿಸುವ ಚಿಕಿತ್ಸೆಯನ್ನು ಪರೀಕ್ಷಿಸಿದ ವಿದ್ವಾಂಸರ ತೀರ್ಮಾನವೂ ಇದಕ್ಕೆ ದೂರವಿಲ್ಲ: ಸೊಂಟನೋವಿಗೆ ಅದರಿಂದ ತಕ್ಕಮಟ್ಟಿನ ಉಪಶಮನವುಂಟು; ಆದರೆ ವ್ಯಾಯಾಮ ಮೊದಲಾದ ಇತರ ಉಪಾಯಗಳಿಗಿಂತ ಬಹಳ ಹೆಚ್ಚೇನೂ ಅಲ್ಲ.

ಆದರೆ ಉಸ್ತಾದರ ಮಗನಿಗೆ ಫಲಕದ ಮೇಲೆ ನಂಬಿಕೆ. ಪದವಿ ಮುಗಿಸಿ, ದೂರದ ನಗರದಲ್ಲಿ ಕೆಲವು ವಾರಗಳ ತರಬೇತಿ ಪಡೆದು ಬಂದು, ಬೀದರಿನ ಹೊಸ ಬಡಾವಣೆಯಲ್ಲಿ ಅವನೊಂದು ಕೊಠಡಿ ಹಿಡಿದಿದ್ದಾನೆ. 'ಕೈರೊಪ್ರಾಕ್ಟರ್' ಎಂದು ಇಂಗ್ಲಿಷಿನಲ್ಲಿ ಬರೆದ ದೊಡ್ಡ ಫಲಕ. ಒಳಗೆ ಚರ್ಮ ಹೊದಿಸಿದ ಮೇಜು. ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಕಥೆ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಉಸ್ತಾದರು ಮಗನ ಫಲಕ ನೋಡಿದ ದಿನ ಆ ಕಥೆಯನ್ನೇ ನೆನೆದು, ಹೊರಗೆ ಏನಾದರೂ ಇರಲಿ, ಒಳಗೆ ಎಣ್ಣೆ ಕಾಯುತ್ತದೆಯೋ ಇಲ್ಲವೋ ಎಂದು ಕೇಳಿ ನಕ್ಕಿದ್ದರು.

ಆ ಇಂಗ್ಲಿಷ್ ಹೆಸರಿನ ಮೂಲವೂ ಗ್ರೀಕವೇ. ಕೈಯಿಂದ ಮಾಡುವ ಕೆಲಸ ಎಂದು ಅದರ ಅರ್ಥ. ಅದು ಹುಟ್ಟಿದ್ದು ಅಮೆರಿಕದಲ್ಲಿ. ಅಯೋವಾ ಪ್ರಾಂತದ ಡೇವನ್‌ಪೋರ್ಟ್ ಎಂಬ ಊರಿನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತನು ಕೈಯ ಕಾಂತಶಕ್ತಿಯಿಂದ ರೋಗ ವಾಸಿಮಾಡುವೆನೆಂದು ಅಂಗಡಿ ಇಟ್ಟಿದ್ದನು. ೧೮೯೫ರ ಸೆಪ್ಟೆಂಬರಿನಲ್ಲಿ ಆತನು ಅದೇ ಕಟ್ಟಡದ ಜಾಡಮಾಲಿಯಾಗಿದ್ದ, ವರುಷಗಳಿಂದ ಕಿವಿ ಕೇಳದ ಹಾರ್ವೆ ಲಿಲಾರ್ಡನ ಬೆನ್ನೆಲುಬನ್ನು ಒತ್ತಿ ಸರಿಪಡಿಸಿದನೆಂದೂ ಕಿವಿ ಕೇಳಿಸತೊಡಗಿತೆಂದೂ ಆ ಪಂಥದ ಮೂಲಕಥೆ. ಕಿವಿಯ ನರ ಬೆನ್ನೆಲುಬಿನಲ್ಲಿ ಹಾಯುವುದೇ ಇಲ್ಲವಲ್ಲ ಎಂದು ವೈದ್ಯರು ಅಂದಿನಿಂದ ಆಕ್ಷೇಪಿಸುತ್ತಲೇ ಬಂದಿದ್ದಾರೆ. ಪಾಮರನು ೧೮೯೭ರಲ್ಲಿ ಶಾಲೆ ತೆರೆದನು; ಪರವಾನಗಿ ಇಲ್ಲದೆ ವೈದ್ಯ ಮಾಡಿದ್ದಕ್ಕೆ ೧೯೦೬ರಲ್ಲಿ ಸೆರೆಮನೆಯನ್ನೂ ಕಂಡನು. ಬಹುತೇಕ ಎಲ್ಲ ರೋಗದ ಬೇರೂ ಬೆನ್ನೆಲುಬಿನಲ್ಲಿದೆ ಎಂಬ ಅವನ ಅತಿಮಾತನ್ನು ಅಲ್ಲಿಯ ಅನೇಕ ಕೈರೊಪ್ರಾಕ್ಟರರೇ ಈಗ ಒಪ್ಪುವುದಿಲ್ಲ. ಅಲ್ಲಿ ಆ ವಿದ್ಯೆಗೆ ವರ್ಷಗಟ್ಟಲೆಯ ವ್ಯಾಸಂಗವೂ ಸರಕಾರದ ಪರವಾನಗಿಯೂ ಬೇಕು. ಭಾರತದಲ್ಲಿ ಅದಕ್ಕೆಂದೇ ಶಾಸನಬದ್ಧ ಮಂಡಳಿ ಇಲ್ಲದ ಕಾರಣ ಕೆಲವು ವಾರಗಳ ಪ್ರಮಾಣಪತ್ರವೇ ಗೋಡೆಯ ಮೇಲೆ ಮೆರೆಯುತ್ತದೆ.

ಮಗನನ್ನು ಹೀಗಳೆಯುವುದು ಸರಿಯಲ್ಲ. ಅವನು ಪ್ರತಿಯೊಬ್ಬರಿಗೂ ಕೈತೊಳೆದುಕೊಂಡು ಬರುತ್ತಾನೆ, ಹೆಸರು ವಯಸ್ಸು ಬರೆದಿಡುತ್ತಾನೆ. ತಂದೆ ಐವತ್ತು ವರ್ಷದಲ್ಲಿ ಒಂದು ಸಾಲು ಬರೆದವರಲ್ಲ. ಅವನ ದೌರ್ಬಲ್ಯ ಒಂದೇ, ಸದ್ದು. ಮೇಜಿನ ಮೇಲೆ ಮಲಗಿದವನ ಬೆನ್ನಿನಿಂದ 'ಟಕ್' ಎಂದು ನೆಟಿಗೆ ಬಿದ್ದರೆ ಮಲಗಿದವನಿಗೂ ಸಂತೋಷ, ಮೊಬೈಲಿನಲ್ಲಿ ಆ ಚಿತ್ರ ನೋಡುವ ಸಾವಿರಾರು ಜನಕ್ಕೂ ಸಂತೋಷ. ಜಾರಿದ ಎಲುಬು ಜಾಗಕ್ಕೆ ಬಂದ ಸದ್ದು ಅದೆಂದು ಎಲ್ಲರ ನಂಬಿಕೆ. ನಿಜವಾಗಿ ಕೀಲಿನ ಸಂದಿನಲ್ಲಿರುವ ದ್ರವದೊಳಗೆ ಒತ್ತಡ ತಟ್ಟನೆ ಇಳಿದು ಅನಿಲದ ಪೊಳ್ಳು ಏರ್ಪಡುವಾಗ ಆಗುವ ಸದ್ದು ಅದು. ೨೦೧೫ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳನ್ನು ಎಳೆದು ಎಂ.ಆರ್.ಐ. ಯಂತ್ರದಲ್ಲಿ ಅದನ್ನು ಸೆರೆಹಿಡಿದರು. ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆಂದು ಹೆದರಿಸುವ ಅಜ್ಜಿಯರ ಮಾತೂ ನಿಂತಿಲ್ಲ. ಡೊನಾಲ್ಡ್ ಅಂಗರ್ ಎಂಬ ಅಮೆರಿಕದ ವೈದ್ಯರು ಅರವತ್ತು ವರ್ಷ ಒಂದೇ ಕೈಯ ನೆಟಿಗೆ ಮುರಿದು, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡೂ ಕೈ ನೆಟ್ಟಗಿವೆಯೆಂದು ತೋರಿಸಿ, ನಗಿಸುವ ಸಂಶೋಧನೆಗಳಿಗೆಂದೇ ಇರುವ ಇಗ್ ನೊಬೆಲ್ ಬಹುಮಾನವನ್ನು ೨೦೦೯ರಲ್ಲಿ ಪಡೆದರು! ಅಂತೂ ಬೆರಳಿನ ಸದ್ದಿಗೆ ಕೇಡೂ ಇಲ್ಲ, ಗುಣವೂ ಇಲ್ಲ.

ಕುತ್ತಿಗೆಯ ಮಾತು ಮಾತ್ರ ಬೇರೆ. ಮಿದುಳಿಗೆ ರಕ್ತ ಒಯ್ಯುವ ನಾಳಗಳಲ್ಲಿ ಎರಡು ಕುತ್ತಿಗೆಯ ಎಲುಬುಗಳ ತೂತುಗಳಲ್ಲೇ ಹಾದು ಹೋಗುತ್ತವೆ. ರಭಸದಿಂದ ತಿರುಚಿದಾಗ ಅಪರೂಪಕ್ಕೆ ನಾಳದ ಒಳಪದರ ಹರಿದು, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಏರಿ ಪಾರ್ಶ್ವವಾಯು ಹೊಡೆಯುವುದುಂಟು. ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿಸಿಕೊಂಡು ಕುತ್ತಿಗೆ ತಿರುಚಿಸಿಕೊಂಡ ಯುವಕನೊಬ್ಬನಿಗೆ ಹಾಗಾದ ವಾರ್ತೆ ೨೦೨೪ರಲ್ಲಿ ಕರ್ನಾಟಕದ ಪತ್ರಿಕೆಗಳಲ್ಲಿಯೇ ಬಂದಿತ್ತು. ಕುತ್ತಿಗೆಯನ್ನು ತಿರುಚಕೂಡದು ಎಂಬುದು ಉಸ್ತಾದರ ಕಟ್ಟಪ್ಪಣೆ. ಮಗನು ಅದನ್ನು ಹಳೆಯ ಕಾಲದವರ ಅಂಜಿಕೆ ಎನ್ನುತ್ತಿದ್ದನು. ಊರವರದ್ದೂ ಅದೇ ಮಾತು. ವರುಷ ವರುಷಕ್ಕೆ ಉಸ್ತಾದರು ಹಿಂದಕ್ಕೆ ಕಳಿಸುವವರ ಸಂಖ್ಯೆ ಏರುತ್ತಿತ್ತು, ಡಬ್ಬಿ ಹಗುರಾಗುತ್ತಿತ್ತು; ಮುದುಕನ ಕೈ ಸೋತಿದೆ ಎಂಬ ಪಿಸುಮಾತು ಭಾಲ್ಕಿಯ ನಿಲ್ದಾಣದವರೆಗೂ ಹಬ್ಬಿತ್ತು.

ಆ ಅಂಜಿಕೆ ಹುಟ್ಟಿದ ಸ್ಥಳ ಔರಾದ್.

ಮೂವತ್ತೈದು ವರ್ಷಗಳ ಹಿಂದಿನ ಮಾತು. ಎತ್ತಿನ ಗಾಡಿಯಿಂದ ಬಿದ್ದು ಮುಂಗೈ ಮುರಿದುಕೊಂಡ ಒಂಬತ್ತು ವರ್ಷದ ಹುಡುಗನನ್ನು ತಂದೆ ಕರೆತಂದನು. ಉಸ್ತಾದರಿಗೆ ಆಗ ಪ್ರಾಯ, ಹೆಸರು ಏರುತ್ತಿದ್ದ ಕಾಲ. ಎಲುಬನ್ನು ನೆಟ್ಟಗೆ ಮಾಡಿ, ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿಯನ್ನು ಕಲಸಿ ಬಳಿದು, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಪಟ್ಟಿ ಸುತ್ತಿದರು. ಬಿಗಿದಷ್ಟೂ ಭದ್ರ ಎಂಬುದು ಅಂದಿನ ತಿಳಿವಳಿಕೆ. ಎಲ್ಲವೂ ಪ್ರಕೃತಿಯ ಪದಾರ್ಥಗಳೇ: ಉದ್ದು, ಮೊಟ್ಟೆ, ಬಿದಿರು, ಹತ್ತಿ. ರಾತ್ರಿಯಿಡೀ ಹುಡುಗ ಅತ್ತನು. ನೋವು ಇರುವುದೇ ಎಂದು ಮನೆಯವರು ಸಮಾಧಾನ ಹೇಳಿದರು. ಮೂರನೆಯ ದಿನ ಅಳು ನಿಂತಿತು. ಬೆರಳುಗಳು ನೀಲಿಯಾಗಿ ತಣ್ಣಗಿದ್ದವು.

ಮುರಿದ ಕೈ ಊದಿಕೊಳ್ಳುತ್ತದೆ. ಊದಲು ಪಟ್ಟಿ ಎಡೆ ಕೊಡದಿದ್ದರೆ ಒಳಗಿನ ಒತ್ತಡ ಏರಿ ರಕ್ತದ ಓಟ ನಿಂತು, ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸಾಯತೊಡಗುತ್ತದೆ. ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ ಇದನ್ನು ೧೮೮೧ರಲ್ಲಿಯೇ ಬರೆದಿಟ್ಟಿದ್ದನು. ಔರಾದಿನ ಕಟ್ಟೆಗೆ ಆ ಸುದ್ದಿ ನೂರು ವರ್ಷವಾದರೂ ತಲುಪಿರಲಿಲ್ಲ. ಬೀದರಿನ ಆಸ್ಪತ್ರೆಯಲ್ಲಿ ವೈದ್ಯರು ಪಟ್ಟಿ ಕತ್ತರಿಸಿ ಕೈಯನ್ನು ಉಳಿಸಿದರು. ಉಳಿಯಿತೆಂದರೆ ಕತ್ತರಿಸಿ ತೆಗೆಯಲಿಲ್ಲ ಅಷ್ಟೆ. ಬೆರಳುಗಳು ಹಕ್ಕಿಯ ಉಗುರಿನಂತೆ ಮಡಿಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ಹುಡುಗನ ತಂದೆ ಜಗಳ ಮಾಡಲಿಲ್ಲ, ಪೊಲೀಸರಿಗೆ ಹೇಳಲಿಲ್ಲ. ಮುಂದಿನ ವಾರ ಔರಾದಿನಲ್ಲಿ ಎದುರಾದಾಗ ಎಂದಿನಂತೆ ನಮಸ್ಕಾರವನ್ನೂ ಮಾಡಿದನು. ಬೈದಿದ್ದರೆ ಚೆನ್ನಾಗಿತ್ತು ಎಂದು ಉಸ್ತಾದರು ಇಂದಿಗೂ ಹೇಳುತ್ತಾರೆ.

ಅಂದಿನಿಂದ ಅವರು ಮುರಿದ ಎಲುಬಿಗೆ ಪಟ್ಟಿ ಕಟ್ಟಿಲ್ಲ. ಊದಿದ ಕೈ ಬಂದರೆ ಉಗುರನ್ನು ಒತ್ತಿ, ಬಿಳಿಚಿದ್ದು ಮರಳಿ ಕೆಂಪಾಗುವುದನ್ನು ನೋಡಿ, ದಬ್ಬೆಗೆ ಸಡಿಲವಾಗಿ ಆನಿಸಿ ಆಸ್ಪತ್ರೆಗೆ ಕಳಿಸುತ್ತಾರೆ. ಬೆನ್ನುನೋವೆಂದು ಬಂದವರಿಗೆ ನಾಲ್ಕು ಪ್ರಶ್ನೆ: ರಾತ್ರಿ ಮಲಗಿದಾಗಲೂ ನೋಯುವುದೆ? ಸಂಜೆ ಜ್ವರ ಬರುವುದೆ? ಮೈ ಇಳಿದಿದೆಯೆ? ಮೂತ್ರ ಕಟ್ಟಿದೆಯೆ, ತೊಡೆಗಳ ನಡುವೆ ಮರಗಟ್ಟಿದೆಯೆ? ಒಂದಕ್ಕೆ ಹೌದೆಂದರೂ ಎಣ್ಣೆಯ ಬಟ್ಟಲು ಹಿಂದಕ್ಕೆ ಸರಿಯುತ್ತದೆ. ಈ ಪ್ರಶ್ನೆಗಳನ್ನು ಅವರಿಗೆ ಕಲಿಸಿದವರು ಅಂದು ಪಟ್ಟಿ ಕತ್ತರಿಸಿದ ವೈದ್ಯರೇ. ಕ್ಷಮೆ ಕೇಳಲು ಹೋದವರನ್ನು ಅವರು ಕುಳ್ಳಿರಿಸಿಕೊಂಡು ಪಾಠ ಹೇಳಿದ್ದರು. ಇಂಗ್ಲೆಂಡಿನಲ್ಲಿ ಸರ್ ಜೇಮ್ಸ್ ಪ್ಯಾಜೆಟ್ ಎಂಬ ದೊಡ್ಡ ಶಸ್ತ್ರವೈದ್ಯರು ೧೮೬೭ರಷ್ಟು ಹಿಂದೆಯೇ, ಎಲುಬು ಕೂಡಿಸುವವರು ವಾಸಿಮಾಡುವ ಬೇನೆಗಳೂ ಉಂಟು, ಅವರಿಂದ ಒಳ್ಳೆಯದನ್ನು ಕಲಿಯಿರಿ ಎಂದು ತಮ್ಮವರಿಗೆ ಉಪನ್ಯಾಸ ಕೊಟ್ಟಿದ್ದರಂತೆ. ಲಿವರ್‌ಪೂಲಿನಲ್ಲಿ ಎಲುಬು ಕೂಡಿಸುತ್ತಿದ್ದ ಇವಾನ್ ಥಾಮಸ್ ಎಂಬಾತನು ತನ್ನ ಮಕ್ಕಳನ್ನು ವೈದ್ಯ ವ್ಯಾಸಂಗಕ್ಕೆ ಹಚ್ಚಿದನು. ಅವರಲ್ಲಿ ಹ್ಯೂ ಓವೆನ್ ಥಾಮಸ್ ರೂಪಿಸಿದ ಕಾಲಿನ ಕಟ್ಟು ಮೊದಲ ಮಹಾಯುದ್ಧದಲ್ಲಿ ತೊಡೆ ಮುರಿದ ಅಸಂಖ್ಯ ಸೈನಿಕರ ಪ್ರಾಣ ಉಳಿಸಿತು. ಉಸ್ತಾದರಿಗೂ ಮಗನನ್ನು ಅದೇ ದಾರಿಗೆ ಹಚ್ಚುವ ಆಸೆಯಿತ್ತು. ಅಂಕಗಳು ಸಾಲಲಿಲ್ಲ, ಹಣವೂ ಸಾಲಲಿಲ್ಲ.

ಎರಡು ವರ್ಷಗಳ ಹಿಂದೆ ಔರಾದಿನಲ್ಲಿ ಕೂತ ದಿನ, ಆ ಮಡಿಚಿದ ಬೆರಳಿನವನು ತನ್ನ ತಾಯಿಯನ್ನು ಕರೆತಂದನು. ಈಗ ಅವನಿಗೂ ಅರ್ಧ ತಲೆ ನರೆತಿದೆ. ಬೇಸಗೆಯ ಬಿಸಿಲಿನಲ್ಲಿಯೂ ಆಕೆ ಶಾಲು ಹೊದ್ದಿದ್ದಳು. ನಾಲ್ಕು ತಿಂಗಳಿಂದ ಬೆನ್ನುನೋವು. ಉಸ್ತಾದರ ಹೆಬ್ಬೆರಳು ಬೆನ್ನಿನ ಸಾಲಿನಲ್ಲಿ ಇಳಿಯುತ್ತಾ ಇಳಿಯುತ್ತಾ ಒಂದು ಎಲುಬಿನ ಮೇಲೆ ನಿಂತಿತು. ಅದು ಉಳಿದವುಗಳಿಗಿಂತ ಹೊರಕ್ಕೆ ಚಾಚಿತ್ತು. ಜ್ವರ ಉಂಟೆ ಎಂದರೆ ಸಂಜೆ ಸಂಜೆ ಉಂಟು. ಅವರು ಕೈ ತೆಗೆದರು.

"ಯಣ್ಣಾ, ಒಂದ್ ಸಲ ಜಾಡಿಸಿ ಬಿಡ್ರಿ, ಹಗುರಾಗ್ತದ," ಎಂದಳು ಆಕೆ.

"ಇದು ನಂದಲ್ಲ ತಂಗಿ. ಬೀದರಕ್ಕ ಹೋಗ್ಬೇಕು."

ಮಗನು ಒಂದು ಕ್ಷಣ ಸುಮ್ಮನಿದ್ದು, ಮೆಲ್ಲನೆ ಹೇಳಿದನು: "ನನ್ನ ಕೈ ಕಟ್ಟಿದ್ರಿ ಕಾಕಾ. ಅವ್ವನ ಬೆನ್ನು ಮುಟ್ಟಂಗಿಲ್ಲಾ?"

ಅದು ಬೇಡಿಕೆಯೋ ಆರೋಪವೋ ಅಲ್ಲಿದ್ದವರಿಗೆ ತಿಳಿಯಲಿಲ್ಲ. ಉಸ್ತಾದರು ಉತ್ತರ ಕೊಡಲಿಲ್ಲ. ಒಲೆ ಆರಿಸಿ, ಕಾದು ಕುಳಿತಿದ್ದ ಎಂಟು ಹತ್ತು ಮಂದಿಯ ಗೊಣಗಾಟವನ್ನು ಕೇಳಿಯೂ ಕೇಳದವರಂತೆ ಎದ್ದು, ತಾಯಿ ಮಗನೊಡನೆ ತಾವೂ ಬಸ್ಸು ಹತ್ತಿದರು. ಸೇತುವೆ ದಾಟುವಾಗ ಬಸ್ಸು ಕುಲುಕಿದರೆ ಆಕೆಯ ಬೆನ್ನಿಗೆ ತಮ್ಮ ರುಮಾಲನ್ನು ಮಡಿಚಿ ಒತ್ತು ಕೊಟ್ಟರು. ಆಸ್ಪತ್ರೆಯಲ್ಲಿ ಕ್ಷಕಿರಣ ತೆಗೆದರು, ಎಂ.ಆರ್.ಐ. ಆಯಿತು, ಬೆನ್ನೆಲುಬಿನ ಕ್ಷಯ. ಎರಡು ಎಲುಬುಗಳ ನಡುವೆ ಕೀವು ತುಂಬಿ ಬೆನ್ನುಹುರಿಯವರೆಗೆ ಬಂದಿತ್ತು. ಉಸ್ತಾದರ ಮಗನೂ ಅಂದು ಅಲ್ಲಿಗೆ ಬಂದಿದ್ದನು. ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು, ಈ ಜಾಗದಲ್ಲಿ ಯಾರಾದರೂ ಒತ್ತಿ ತಿರುಚಿದ್ದರೆ ಕಾಲುಗಳೆರಡೂ ಹೋಗಬಹುದಿತ್ತು ಎಂದಾಗ ಅವನು ಏನೂ ಮಾತಾಡಲಿಲ್ಲ. ಆ ಚಿತ್ರವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದನು. ರಾತ್ರಿ ಮನೆಗೆ ಬಂದು ಅಂಗಿ ಕಳಚಿ ತಂದೆಯ ಎದುರು ಬೋರಲಾಗಿ ಮಲಗಿ, ಆ ಎಲುಬು ಹೆಬ್ಬೆರಳಿಗೆ ಹೇಗೆ ಸಿಕ್ಕಿತು, ತನ್ನ ಬೆನ್ನಿನ ಮೇಲೆ ತೋರಿಸಬೇಕು ಎಂದನು. ಅವನ ಮೊಬೈಲಿನಲ್ಲಿ ಕುತ್ತಿಗೆಯ ಚಿತ್ರಗಳು ಈಗ ಕಾಣುವುದಿಲ್ಲ. ಫಲಕ ಮಾತ್ರ ಹಾಗೆಯೇ ಇದೆ.

ಕ್ಷಯದ ಔಷಧಿಯನ್ನು ಸರಕಾರ ಉಚಿತವಾಗಿ ಕೊಡುತ್ತದೆ. ಬೆನ್ನೆಲುಬಿನ ಕ್ಷಯಕ್ಕೆ ಅದನ್ನು ಒಂದು ವರ್ಷವೋ ಅದಕ್ಕೂ ಹೆಚ್ಚೋ ತಪ್ಪದೆ ನುಂಗಬೇಕು. ಅರ್ಧಕ್ಕೆ ಬಿಡುವವರೂ ಉಂಟು. ಆ ಒಂದು ವರ್ಷ ಉಸ್ತಾದರು ಔರಾದಿಗೆ ಹೋದಾಗಲೆಲ್ಲ ಮೊದಲು ಆಕೆಯ ಮನೆಯ ಮುಂದೆ ನಿಂತು ಗುಳಿಗೆಯ ಖಾಲಿ ಪಟ್ಟಿಗಳನ್ನು ಎಣಿಸುತ್ತಿದ್ದರು. ಮೂತ್ರ ಕೆಂಪಗೆ ಹೋಗುತ್ತದೆಂದು ಆಕೆ ಹೆದರಿದಾಗ, ಅದು ಗುಳಿಗೆಯ ಬಣ್ಣವೆಂದು ವೈದ್ಯರನ್ನು ಕೇಳಿಕೊಂಡು ಬಂದು ತಿಳಿಸಿದರು.

ಕಳೆದ ಚಳಿಗಾಲದಲ್ಲಿ ಆಕೆ ತಾನೇ ನಡೆದು ಕಟ್ಟೆಗೆ ಬಂದಳು. ಬೆನ್ನಿನ ಮಾತಿಲ್ಲ, ಮೊಳಕಾಲು ಹಿಡಿದಿದೆ, ಅದನ್ನಾದರೂ ಮುಟ್ಟುವಿರೋ ಇಲ್ಲವೋ ಎಂದು ಕೇಳಿದಳು. ಉಸ್ತಾದರು ನಾಲ್ಕೂ ಪ್ರಶ್ನೆಗಳನ್ನು ಬಿಡದೆ ಕೇಳಿ, ಆಮೇಲೆ ಬಟ್ಟಲಿಗೆ ಕೈ ಚಾಚಿದರು. ಅವಳ ಮಗನು ಒಳ್ಳೆಯ ಕೈಯಲ್ಲಿ ಬಟ್ಟಲನ್ನು ಎತ್ತಿ, ಮಡಿಚಿದ ಬೆರಳುಗಳನ್ನು ಅದರ ಅಡಿಗೆ ಆನಿಸಿ ಹಿಡಿದು ನಿಂತನು. ಎಣ್ಣೆ ಇನ್ನಷ್ಟು ಕಾಯಬೇಕಾಗಿತ್ತು ಎಂದಳು ಆಕೆ.